ಎಕ್ಸ್‌ಎಂಎಲ್ ಫೈಲ್‌ನಲ್ಲಿ & ಚಿಹ್ನೆ ಎರಡು ಮೂರು ಸಲ ಎಸ್ಕೇಪ್ ಆಗಿದೆ, ಬಿಡಿಸೋದು ಹೇಗೆ?

ಪದಸಂಚಿ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಪದಕೋಶ ಕಟ್ಟುತ್ತಿದ್ದೇನೆ. ಎಲ್ಲವೂ ಒಂದೇ ಎಕ್ಸ್‌ಎಂಎಲ್ ಫೈಲ್‌ನಲ್ಲಿದೆ, ಸುಮಾರು 4,000 ಪದ. ಟ್ಯಾಗ್‌ಗಳನ್ನೂ ಕನ್ನಡದಲ್ಲೇ ಇಟ್ಟಿದ್ದೇನೆ. ಒಂದು ಸಾಲು ಹೀಗಿತ್ತು:

<ಪದ ವಿಷಯ="ಉದ್ಯಮ">ಸಂಶೋಧನೆ & ಅಭಿವೃದ್ಧಿ</ಪದ>

ಮೊದಲ ಸಲ ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಪ್ರೋಗ್ರಾಂ ಆದ ಪಾರ್ಸರ್‌ಗೆ ಕೊಟ್ಟಾಗ ಈ & ಇದ್ದ ಕಡೆಯೇ ಎರರ್ ಬಂತು. ಎಡಿಟರ್‌ನಲ್ಲಿ ಎಲ್ಲ & ಹುಡುಕಿ &#38; ಅಂತ ಬದಲಿಸಿದೆ. ಫೈಲ್ ಓದಿಕೊಂಡಿತು, ಖುಷಿ ಆಯ್ತು. ಕೆಲವು ತಿಂಗಳಾದ ಮೇಲೆ ಹೊಸ ಪದ ಸೇರಿಸಿ ಮತ್ತೆ ಅದೇ ಫೈಂಡ್ ರಿಪ್ಲೇಸ್ ಓಡಿಸಿದೆ. ಹೋದ ವಾರ ಮೂರನೇ ಸಲ. ಈಗ ಹಳೆಯ ಸಾಲುಗಳು ಹೀಗಿವೆ:

<ಪದ ವಿಷಯ="ಉದ್ಯಮ">ಸಂಶೋಧನೆ &#38;#38;#38; ಅಭಿವೃದ್ಧಿ</ಪದ>

ಓದುವವರಿಗೆ ಪರದೆಯ ಮೇಲೆ "ಸಂಶೋಧನೆ &#38;#38; ಅಭಿವೃದ್ಧಿ" ಅಂತ ಕಾಣುತ್ತದೆ. ಕೆಲವು ಕಡೆ ಎರಡು ಸಲ ಆಗಿದೆ, ಕೆಲವು ಕಡೆ ಸರಿಯಾಗೇ ಇದೆ.

ಇನ್ನೊಂದು ತೊಂದರೆ. ಈಚೆಗೆ ಗಣಿತದ ಪದ ಸೇರಿಸಿದೆ. ಅಲ್ಲಿ "ವೇಗ < 5" ಅಂತ ಬರುತ್ತದೆ. ಅದನ್ನು ನಿನ್ನೆ, ಪಠ್ಯ ಹುಡುಕಿ ಬದಲಿಸುವ ಸೆಡ್ ಕಮಾಂಡ್‌ನಿಂದ &#60; ಮಾಡಲು ಹೋದೆ. ಟ್ಯಾಗ್‌ಗಳಿಗೆ ಏಟು ಬೀಳಬಾರದು ಅಂತ, ಮುಂದೆ ಖಾಲಿ ಜಾಗ ಇರುವ < ಮಾತ್ರ ಹುಡುಕಿಸಿದೆ. ಬಂದದ್ದು "ವೇಗ < #60;5". ಯಾಕೆ ಹೀಗಾಯ್ತು ಅಂತ ಅರ್ಥವೇ ಆಗಲಿಲ್ಲ.

ಮೊದಲ ರಿಪ್ಲೇಸ್‌ಗಿಂತ ಹಿಂದಿನ ಪ್ರತಿ ನನ್ನ ಹತ್ತಿರ ಇಲ್ಲ. ದಯವಿಟ್ಟು ದಾರಿ ತೋರಿಸಿ.


ಮೊದಲಸಾಲು · ಸೋಮವಾರ ಬೆಳಿಗ್ಗೆ

ಪದಸಂಚಿ ಅವರೇ, ಮೊದಲು ಈಗಿರುವ ಫೈಲ್‌ನ ಒಂದು ಪ್ರತಿ ಬೇರೆ ಕಡೆ ತೆಗೆದಿಡಿ. ಅದನ್ನು ಮುಟ್ಟಬೇಡಿ. ಇನ್ನು ಯಾವ ರಿಪ್ಲೇಸೂ ಬೇಡ, ಸರಿಪಡಿಸೋಕೆ ಅಂತಲೂ ಬೇಡ.

ಆಗಿದ್ದು ಇಷ್ಟು. ಎಕ್ಸ್‌ಎಂಎಲ್‌ನಲ್ಲಿ < ಅಂದರೆ ಟ್ಯಾಗ್ ಶುರು, & ಅಂದರೆ ಸಂಕೇತ ಶುರು. ಈ ಎರಡನ್ನು ಬರೀ ಅಕ್ಷರವಾಗಿ ತೋರಿಸಬೇಕಾದರೆ ಎಸ್ಕೇಪ್ ಮಾಡಲೇಬೇಕು, ಅಂದರೆ ಅಕ್ಷರದ ಬದಲು ಅದರ ಸಂಖ್ಯೆಯ ಸಂಕೇತ ಬರೆಯಬೇಕು. ಆದರೆ &#38; ಅನ್ನುವ ಸಂಕೇತವೂ & ನಿಂದಲೇ ಶುರುವಾಗುತ್ತದೆ ಅಲ್ವಾ? ಎರಡನೇ ಸಲ ಹುಡುಕಿದಾಗ ಎಡಿಟರ್‌ಗೆ ಆ & ಕೂಡ ಸಿಕ್ಕಿತು. ಅದನ್ನೂ ಬದಲಿಸಿತು. ಎಡಿಟರ್‌ಗೆ ಯಾವುದು ನಿಮ್ಮ ಮಾತು, ಯಾವುದು ಸಂಕೇತ ಅನ್ನೋದು ಗೊತ್ತಿಲ್ಲ. ಅದು ಪಾರ್ಸರ್‌ಗೆ ಮಾತ್ರ ಗೊತ್ತು.

ಒಂದು ಪಠ್ಯಕ್ಕೆ ಎರಡು ರೂಪ ಇರುತ್ತದೆ: ಪ್ರೋಗ್ರಾಂ ಒಳಗೆ ಇರುವ ಬರೀ ಪಠ್ಯ, ಫೈಲ್‌ನಲ್ಲಿ ಕುಳಿತಿರುವ ಎಸ್ಕೇಪ್ ಆದ ಪಠ್ಯ. ಒಂದರಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ಒಂದೇ ಇರಬೇಕು. ಬರೆಯುವಾಗ ಒಂದು ಸಲ ಎಸ್ಕೇಪ್, ಓದುವಾಗ ಒಂದು ಸಲ ಬಿಡಿಸುವುದು. ನೀವು ಫೈಲ್‌ನೊಳಗೇ ನಿಂತು ಮತ್ತೆ ಮತ್ತೆ ಎಸ್ಕೇಪ್ ಮಾಡಿದಿರಿ. ಗೊಂದಲ ಅಲ್ಲಿಂದ ಶುರುವಾಗಿದೆ.


ಕೊನೆಆವರಣ · ಸೋಮವಾರ ಮಧ್ಯಾಹ್ನ

ಇದಕ್ಕೆ ಇಷ್ಟೊಂದು ಯೋಚನೆ ಬೇಕಾಗಿಲ್ಲ ಅನಿಸುತ್ತದೆ. &#38;#38; ಹುಡುಕಿ &#38; ಹಾಕಿ. ಒಂದೂ ಸಿಗದ ತನಕ ಅದನ್ನೇ ಮಾಡುತ್ತಾ ಹೋಗಿ. ಎರಡು ಸಲ ಆದದ್ದು, ಮೂರು ಸಲ ಆದದ್ದು ಎಲ್ಲವೂ ಒಂದಕ್ಕೆ ಬಂದು ನಿಲ್ಲುತ್ತದೆ.


ಹಳೆಗಣಕ · ಸೋಮವಾರ ಮಧ್ಯಾಹ್ನ

ಕೊನೆಆವರಣ ಅವರೇ, ಮಾಮೂಲಿ ಕಥೆ ಪುಸ್ತಕದ ಫೈಲ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇದು ಪದಕೋಶ. ಪದಸಂಚಿ ಅವರೇ, ನಿಮ್ಮಲ್ಲಿ ಕಂಪ್ಯೂಟರ್ ವಿಷಯದ ಪದಗಳು ಇವೆಯಾ? "ಆಂಪರ್ಸೆಂಡ್", "ಎಸ್ಕೇಪ್", "ಸಂಕೇತ" ಇಂಥವು?

ಇದ್ದರೆ ಅವುಗಳ ವಿವರಣೆಯಲ್ಲಿ "ಇದನ್ನು &#38; ಎಂದು ಬರೆಯಬೇಕು" ಅಂತ ನೀವೇ ಬರೆದಿರುತ್ತೀರಿ. ಓದುವವರಿಗೆ &#38; ಅಂತಲೇ ಕಾಣಬೇಕಾದರೆ ಫೈಲ್‌ನಲ್ಲಿ ಅದು &#38;#38; ಅಂತಲೇ ಇರಬೇಕು. ಅಲ್ಲಿ ಎರಡು ಸಲ ಇರುವುದು ತಪ್ಪಲ್ಲ, ಅದೇ ಸರಿ. "ಸಿಗದ ತನಕ ಬದಲಿಸಿ" ಅಂತ ಹೊರಟರೆ ಆ ವಿವರಣೆ "ಇದನ್ನು & ಎಂದು ಬರೆಯಬೇಕು" ಅಂತ ಆಗಿಬಿಡುತ್ತದೆ. ಯಾವ ಎರರೂ ಬರುವುದಿಲ್ಲ. ಅರ್ಥ ಮಾತ್ರ ಹಾಳಾಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕೇ ಫೈಲ್‌ನಲ್ಲಿ ಏನು ಕಾಣುತ್ತದೆ ಅನ್ನೋದನ್ನು ನೋಡಿ ಬಿಡಿಸಬೇಡಿ. ಯಾವ ನಮೂದಿನ ಮೇಲೆ ರಿಪ್ಲೇಸ್ ಎಷ್ಟು ಸಲ ಓಡಿದೆ ಅನ್ನೋದನ್ನು ಲೆಕ್ಕ ಹಾಕಿ ಬಿಡಿಸಿ. ಪ್ರತಿ ನಮೂದನ್ನು ಯಾವತ್ತು ಸೇರಿಸಿದಿರಿ ಅಂತ ಎಲ್ಲಾದರೂ ಗುರುತು ಇದೆಯಾ?


ಪದಸಂಚಿ · ಸೋಮವಾರ ಸಂಜೆ

ಹಳೆಗಣಕ ಅವರೇ, ನೀವು ಹೇಳಿದ್ದು ಸರಿ. ಕಂಪ್ಯೂಟರ್ ವಿಷಯದಲ್ಲಿ ಸುಮಾರು 300 ಪದ ಇವೆ. "ಆಂಪರ್ಸೆಂಡ್" ಕೂಡ ಇದೆ. ಅದರ ವಿವರಣೆಯಲ್ಲಿ ಈಗ &#38;#38;#38;#38; ಅಂತ ಇದೆ, ನಾಲ್ಕು!

ಹೌದು, ಪ್ರತಿ ನಮೂದಿಗೂ ಟ್ಯಾಗ್ ಒಳಗೇ ದಿನಾಂಕದ ಆಟ್ರಿಬ್ಯೂಟ್ ಇದೆ. ಸುಮ್ನೆ ಅಭ್ಯಾಸಕ್ಕೆ ಅಂತ ಹಾಕಿಕೊಂಡು ಬಂದಿದ್ದೆ. ಮೂರು ಸಲ ರಿಪ್ಲೇಸ್ ಮಾಡಿದ ದಿನಗಳೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇವೆ.


ಹಳೆಗಣಕ · ಸೋಮವಾರ ರಾತ್ರಿ

ಹಾಗಾದರೆ ನಿಮ್ಮ ಫೈಲ್ ಪೂರ್ತಿ ವಾಪಸ್ ಬರುತ್ತದೆ. ನಮೂದುಗಳನ್ನು ಮೂರು ಗುಂಪು ಮಾಡಿ.

ಮೊದಲ ರಿಪ್ಲೇಸ್‌ಗಿಂತ ಮುಂಚೆ ಸೇರಿಸಿದ್ದರ ಮೇಲೆ ಮೂರು ಸಲ ಓಡಿದೆ. ಬೇಕಾದದ್ದು ಒಂದು ಸಲ, ಆದ್ದರಿಂದ ಎರಡು ಪದರ ತೆಗೆಯಬೇಕು. ಒಂದನೇ ಮತ್ತು ಎರಡನೇ ರಿಪ್ಲೇಸ್ ನಡುವೆ ಬಂದದ್ದರ ಮೇಲೆ ಎರಡು ಸಲ ಓಡಿದೆ, ಒಂದು ಪದರ ತೆಗೆಯಬೇಕು. ಆಮೇಲೆ ಬಂದದ್ದು ಸರಿಯಾಗೇ ಇದೆ, ಬಿಟ್ಟುಬಿಡಿ.

ಒಂದು ಪದರ ತೆಗೆಯುವುದು ಅಂದರೆ &#38; ಇದ್ದ ಕಡೆ & ಹಾಕುವುದು, ಎಡದಿಂದ ಬಲಕ್ಕೆ ಒಂದೇ ಸುತ್ತು. ಬದಲಿಸಿದ್ದನ್ನು ಅದೇ ಸುತ್ತಿನಲ್ಲಿ ಮತ್ತೆ ಹುಡುಕಬಾರದು. ಕೈಯಲ್ಲಿ ಲೆಕ್ಕ ಹಾಕಿ ನೋಡೋಣ:

&#38;#38;#38; ಇದಕ್ಕೆ ಒಂದು ಸುತ್ತು ಆದರೆ &#38;#38;
ಇನ್ನೊಂದು ಸುತ್ತು ಆದರೆ &#38;

"ಸಂಶೋಧನೆ & ಅಭಿವೃದ್ಧಿ" ಸರಿ ಆಯ್ತು. ಈಗ ನಿಮ್ಮ ಆಂಪರ್ಸೆಂಡ್ ನಮೂದು ತಗೊಳ್ಳಿ. ಅಲ್ಲಿರುವ ನಾಲ್ಕರಿಂದ ಎರಡು ಪದರ ತೆಗೆದರೆ &#38;#38; ಉಳಿಯುತ್ತದೆ. ಪಾರ್ಸರ್ ಅದನ್ನು ಓದಿ &#38; ಅಂತ ತೋರಿಸುತ್ತದೆ. ನೀವು ಎರಡು ವರ್ಷದ ಹಿಂದೆ ಬರೆದದ್ದು ಅದನ್ನೇ. ಎರಡು ನಮೂದಿಗೂ ಒಂದೇ ನಿಯಮ, ಎರಡೂ ಸರಿಯಾಗಿ ಬಂತು.

ಒಂದು ಎಚ್ಚರಿಕೆ. ಎರಡನೇ ಗುಂಪಿನಲ್ಲಿ, ಅಂದರೆ & ಹಾಕಿದರೆ ಎರರ್ ಬರುತ್ತದೆ ಅಂತ ನಿಮಗೆ ಗೊತ್ತಾದ ಮೇಲೆ, ಕೈಯಲ್ಲೇ &#38; ಅಂತ ಟೈಪ್ ಮಾಡಿದ್ದೂ ಇರಬಹುದು. ಅವಕ್ಕೆ ಒಂದು ಪದರ ಜಾಸ್ತಿ ಸೇರಿರುತ್ತದೆ. ಮೂರನೇ ಗುಂಪಿನಲ್ಲೂ ಹಾಗೇ. ಅವನ್ನು ಯಾವ ಸ್ಕ್ರಿಪ್ಟೂ ಗುರುತು ಹಿಡಿಯೋಕೆ ಆಗಲ್ಲ. ಪಟ್ಟಿ ಮಾಡಿಕೊಂಡು ಒಂದೊಂದಾಗಿ ಕಣ್ಣಲ್ಲಿ ನೋಡಬೇಕು.


ಬೆಳಕಿಂಡಿ · ಸೋಮವಾರ ರಾತ್ರಿ

ಸೆಡ್ ವಿಷಯ ನಾನು ಹೇಳುತ್ತೇನೆ. ನನಗೂ ಇದು ಒಂದು ಇಡೀ ದಿನ ತಿಂದಿತ್ತು.

ಸೆಡ್‌ನಲ್ಲಿ ಬದಲಿಗೆ ಹಾಕುವ ಕಡೆ & ಬರೆದರೆ, "ಈಗ ಹುಡುಕಿ ಸಿಕ್ಕಿದ್ದನ್ನೇ ಇಲ್ಲಿ ಇಡು" ಅಂತ ಅರ್ಥ. ನೀವು ಹುಡುಕಿದ್ದು < ಮತ್ತು ಒಂದು ಖಾಲಿ ಜಾಗ. ಹಾಕಿದ್ದು &#60;. ಸೆಡ್ ಆ & ಜಾಗದಲ್ಲಿ < ಮತ್ತು ಖಾಲಿ ಜಾಗವನ್ನೇ ಇಟ್ಟು, ಪಕ್ಕದಲ್ಲಿ #60; ಅಂಟಿಸಿತು. ಅದಕ್ಕೇ < #60; ಬಂತು.

ಇದರಲ್ಲಿ ಮೋಸ ಎಲ್ಲಿದೆ ಅಂದರೆ, ಇದೇ ಕೆಲಸವನ್ನು & ಮೇಲೆ ಮಾಡಿದ್ದರೆ ಸರಿಯಾದ ಉತ್ತರವೇ ಬರುತ್ತಿತ್ತು. & ಹುಡುಕಿ &#38; ಹಾಕು ಅಂದರೆ, ಸಿಕ್ಕಿದ್ದೂ & ತಾನೇ? ಅದನ್ನೇ ಇಟ್ಟು #38; ಅಂಟಿಸುತ್ತದೆ, &#38; ಆಗುತ್ತದೆ. ಒಂದು ಕಡೆ ಆಕಸ್ಮಿಕವಾಗಿ ಸರಿ ಬಂದದ್ದನ್ನು ನೋಡಿ ಇನ್ನೊಂದು ಕಡೆಯೂ ನಂಬಿಬಿಡುತ್ತೇವೆ. ಸೆಡ್‌ನಲ್ಲಿ & ಅಕ್ಷರವೇ ಬೇಕಿದ್ದರೆ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ, \& ಅಂತ.

ನಿಮ್ಮ ಫೈಲ್‌ನಲ್ಲಿ ಇದು ಸುಲಭದ ರಿಪೇರಿ. < ಆದ ಮೇಲೆ ಖಾಲಿ ಜಾಗ, ಆಮೇಲೆ # ಬರುವ ಟ್ಯಾಗ್ ಎಕ್ಸ್‌ಎಂಎಲ್‌ನಲ್ಲಿ ಇರೋಕೆ ಸಾಧ್ಯವೇ ಇಲ್ಲ. ಹಾಗಾಗಿ < #60; ಸಿಕ್ಕ ಕಡೆಯೆಲ್ಲ ಧೈರ್ಯವಾಗಿ &#60; ಹಾಕಬಹುದು. ಎಡಿಟರ್‌ನಲ್ಲೇ ಮಾಡಿ.


ಕೊನೆಆವರಣ · ಮಂಗಳವಾರ ಬೆಳಿಗ್ಗೆ

ಹಳೆಗಣಕ ಅವರ ಮಾತು ಒಪ್ಪಿದೆ, ನನ್ನ ಸಲಹೆ ಪದಸಂಚಿ ಅವರ ಫೈಲ್‌ಗೆ ಸರಿ ಹೋಗುತ್ತಿರಲಿಲ್ಲ.

ಮುಂದಕ್ಕಾದರೂ ಈ ತಲೆನೋವು ಬೇಡ ಅಂದರೆ ಸಿಡೇಟಾ ಬಳಸಬಹುದಲ್ವಾ? ವಿವರಣೆಯನ್ನೆಲ್ಲ <![ಸಿಡೇಟಾ[ ಮತ್ತು ]]> ನಡುವೆ ಇಟ್ಟರೆ ಒಳಗೆ < & ಏನು ಬೇಕಾದರೂ ಹಾಗೇ ಬರೆಯಬಹುದು. (ಫೈಲ್‌ನಲ್ಲಿ ಆ ಪದವನ್ನು ರೋಮನ್ ದೊಡ್ಡಕ್ಷರದಲ್ಲೇ ಬರೆಯಬೇಕು, ಇಲ್ಲಿ ಓದಲು ಹೀಗೆ ಬರೆದಿದ್ದೇನೆ.)


ಮೊದಲಸಾಲು · ಮಂಗಳವಾರ ಬೆಳಿಗ್ಗೆ

ಸಿಡೇಟಾ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ಕಾರಣ ಹೇಳುತ್ತೇನೆ.

ಅದರೊಳಗೆ ]]> ಬಂದರೆ ಅಲ್ಲಿಗೇ ಮುಗಿದುಹೋಗುತ್ತದೆ. ಒಂದರೊಳಗೆ ಇನ್ನೊಂದು ಇಡಲು ಬರುವುದಿಲ್ಲ. ಪದಕೋಶದಲ್ಲಿ "ಸಿಡೇಟಾ" ಅನ್ನುವ ಪದಕ್ಕೇ ಉದಾಹರಣೆ ಬರೆದರೆ ಫೈಲ್ ಒಡೆಯುತ್ತದೆ. ಅದನ್ನು ಎರಡು ತುಂಡು ಮಾಡಿ ಬರೆಯುವ ಉಪಾಯ ಇದೆ, ಆದರೆ ಅಷ್ಟೆಲ್ಲ ಮಾಡಬೇಕಾದರೆ ಎಸ್ಕೇಪ್ ಮಾಡುವುದೇ ಹಗುರ.

ಆಟ್ರಿಬ್ಯೂಟ್ ಒಳಗೆ ಸಿಡೇಟಾ ನಡೆಯುವುದೇ ಇಲ್ಲ. ಅಲ್ಲಿ ಎಸ್ಕೇಪ್ ಬೇಕೇ ಬೇಕು. ಆಗ ಒಂದೇ ಫೈಲ್‌ನಲ್ಲಿ ಎರಡು ನಿಯಮ ಆಗುತ್ತದೆ. ಸಿಡೇಟಾ ಒಳಗೆ ಅಭ್ಯಾಸಬಲದಿಂದ &#38; ಅಂತ ಟೈಪ್ ಮಾಡಿದರೆ ಅದು ಬಿಡಿಸಿಕೊಳ್ಳುವುದಿಲ್ಲ, ಐದು ಅಕ್ಷರವೂ ಹಾಗೇ ಓದುಗರ ಮುಂದೆ ಬರುತ್ತದೆ. ಈಗ ಪದಸಂಚಿ ಅವರಿಗೆ ಕಾಡುತ್ತಿರುವುದೂ ಅದೇ ಥರದ ತೊಂದರೆ ತಾನೇ.

ಜೊತೆಗೆ, ಪೈಥಾನ್‌ನ ಎಲಿಮೆಂಟ್‌ಟ್ರೀಯಂಥ ಎಷ್ಟೋ ಲೈಬ್ರರಿಗಳು ಓದುವಾಗ ಸಿಡೇಟಾ ಇತ್ತು ಅನ್ನುವ ಗುರುತನ್ನೇ ಇಟ್ಟುಕೊಳ್ಳುವುದಿಲ್ಲ. ವಾಪಸ್ ಬರೆದಾಗ ಎಲ್ಲವೂ ಮಾಮೂಲಿ ಎಸ್ಕೇಪ್ ಆಗಿ ಬರುತ್ತದೆ. ತಪ್ಪೇನೂ ಅಲ್ಲ, ಅರ್ಥ ಒಂದೇ.


ಕೊನೆಆವರಣ · ಮಂಗಳವಾರ ಮಧ್ಯಾಹ್ನ

ಆದರೂ ಕೈಯಲ್ಲೇ ಫೈಲ್ ಬರೆಯುವವರಿಗೆ, ಅದರಲ್ಲೂ ಹತ್ತು ಸಾಲಿನ ಕೋಡ್ ಉದಾಹರಣೆ ಅಂಟಿಸುವವರಿಗೆ ಸಿಡೇಟಾ ಅನುಕೂಲ. ಪ್ರತಿ < ಗೂ &#60; ಬರೆದರೆ ಕೋಡ್ ಓದೋಕೇ ಆಗಲ್ಲ. ಆ ಮಟ್ಟಿಗೆ ನಾನು ಬಿಟ್ಟುಕೊಡಲ್ಲ.


ಮೊದಲಸಾಲು · ಮಂಗಳವಾರ ಮಧ್ಯಾಹ್ನ

ಕೋಡ್ ತುಣುಕಿಗೆ ಒಪ್ಪುತ್ತೇನೆ. ಇಡೀ ಪದಕೋಶಕ್ಕೆ ಒಪ್ಪಲ್ಲ.


ಓದುಗೆ · ಮಂಗಳವಾರ ಸಂಜೆ

ಒಂದು ಚಿಕ್ಕ ಪ್ರಶ್ನೆ. ನಾನು ಆ್ಯಪ್‌ಗಳ ಪಠ್ಯ ಅನುವಾದ ಮಾಡುತ್ತೇನೆ. ಆಂಡ್ರಾಯ್ಡ್‌ನ ಪಠ್ಯದ ಫೈಲೂ ಎಕ್ಸ್‌ಎಂಎಲ್ಲೇ. ಅಲ್ಲಿ & ಎಲ್ಲ ಸರಿಯಾಗಿ ಎಸ್ಕೇಪ್ ಮಾಡಿದ್ದೆ, ತಪ್ಪು ಹುಡುಕುವ ಲಿಂಟ್ ಕೂಡ ಪಾಸ್ ಆಯ್ತು. ಆದರೂ ಒಂಟಿ ಉದ್ಧರಣ ಚಿಹ್ನೆ ' ಇದ್ದ ಸಾಲುಗಳಲ್ಲಿ ತೊಂದರೆ ಆಯ್ತು. ಎಕ್ಸ್‌ಎಂಎಲ್‌ನಲ್ಲಿ ಪಠ್ಯದೊಳಗೆ ' ಎಸ್ಕೇಪ್ ಮಾಡಬೇಕಾಗಿಲ್ಲ ಅಂತಲೇ ಕಲಿತಿದ್ದೆ.


ಬೆಳಕಿಂಡಿ · ಮಂಗಳವಾರ ಸಂಜೆ

ನೀವು ಕಲಿತದ್ದು ಸರಿ ಮೇಡಂ. ಎಕ್ಸ್‌ಎಂಎಲ್ ಮಟ್ಟಿಗೆ ಅದು ತಪ್ಪಲ್ಲ. ಆದರೆ ಆಂಡ್ರಾಯ್ಡ್‌ನಲ್ಲಿ ಎಕ್ಸ್‌ಎಂಎಲ್ ಓದಿ ಮುಗಿದ ಮೇಲೆ ಇನ್ನೊಂದು ಪದರ ಇದೆ. ಅದು ಬ್ಯಾಕ್‌ಸ್ಲ್ಯಾಶ್ ಮತ್ತು ಉದ್ಧರಣ ಚಿಹ್ನೆಗಳಿಗೆ ತನ್ನದೇ ಅರ್ಥ ಕೊಡುತ್ತದೆ. ಅಲ್ಲಿ \' ಅಂತ ಬರೆಯಬೇಕು. ಸಾಲಿನ ಶುರುವಿನಲ್ಲಿ @ ಅಥವಾ ? ಬಂದರೂ ಹಾಗೇ, \@ ಮತ್ತು \? ಆಗಬೇಕು. ನಡುವೆ ಎರಡು ಮೂರು ಖಾಲಿ ಜಾಗ ಇದ್ದರೆ ಒಂದಾಗಿ ಕುಗ್ಗುತ್ತದೆ.

' ಬದಲು &#39; ಹಾಕಿದರೂ ಪ್ರಯೋಜನ ಇಲ್ಲ. ಮೊದಲ ಪದರದಲ್ಲಿ ಅದು ' ಆಗಿ ಬಿಚ್ಚಿಕೊಳ್ಳುತ್ತದೆ, ಎರಡನೇ ಪದರಕ್ಕೆ ಬರೀ ' ಸಿಗುತ್ತದೆ. ಯಾವ ಪದರದ ತೊಂದರೆಯೋ ಆ ಪದರದ ಎಸ್ಕೇಪೇ ಬೇಕು. ಲಿಂಕ್‌ಗಳಲ್ಲೂ ಇದೇ ಕಥೆ. ವಿಳಾಸದೊಳಗೆ ಎಸ್ಕೇಪ್ ಆದ %26 ಬೇರೆ, ಎಕ್ಸ್‌ಎಂಎಲ್‌ನ &#38; ಬೇರೆ. ವಿಳಾಸದ ಎರಡು ಭಾಗಗಳನ್ನು ಬೇರೆ ಮಾಡುವ & ಅನ್ನು ಎಕ್ಸ್‌ಎಂಎಲ್ ಫೈಲ್‌ನಲ್ಲಿ &#38; ಅಂತ ಬರೆಯಬೇಕು. ಅದನ್ನು %26 ಮಾಡಿದರೆ ಲಿಂಕ್‌ನ ಅರ್ಥವೇ ಬದಲಾಗುತ್ತದೆ.


ಓದುಗೆ · ಮಂಗಳವಾರ ರಾತ್ರಿ

ಈಗ ಗೊತ್ತಾಯ್ತು. &#39; ಹಾಕಿ ನೋಡಿ ಸೋತಿದ್ದೆ, ಕಾರಣ ತಿಳಿದಿರಲಿಲ್ಲ. ತುಂಬಾ ಥ್ಯಾಂಕ್ಸ್.


ಪದಸಂಚಿ · ಬುಧವಾರ ಬೆಳಿಗ್ಗೆ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ದಿನಾಂಕ ನೋಡಿ ಗುಂಪು ಮಾಡಿದೆ, ಹಳೆಗಣಕ ಅವರು ಹೇಳಿದ ಹಾಗೆ ಪದರ ತೆಗೆದೆ. ಎಲಿಮೆಂಟ್‌ಟ್ರೀ ಬಳಸಿ ಓದಿ, ಅದರಿಂದಲೇ ಹೊಸ ಫೈಲ್ ಬರೆಸಿದೆ.

ಆದರೆ ಹೊಸ ಫೈಲ್ ತೆರೆದರೆ ಒಂದೂ ಕನ್ನಡ ಅಕ್ಷರ ಇಲ್ಲ. ಎಲ್ಲ ಕಡೆ ಅಂಕಿ. ಟ್ಯಾಗ್ ಕೂಡ ಹೀಗಾಗಿದೆ:

<&#3242;&#3238;>

ಈಗ ಪಾರ್ಸರ್ ಮೊದಲ ಸಾಲಿನಲ್ಲೇ ನಿಲ್ಲುತ್ತಿದೆ. ಫೈಲ್‌ನ ಗಾತ್ರವೂ ಎರಡರಷ್ಟಕ್ಕಿಂತ ಜಾಸ್ತಿ ಆಗಿದೆ. ತೆಗೆದಿಟ್ಟ ಪ್ರತಿ ಇದೆ, ಹೆದರಿಕೆ ಇಲ್ಲ. ಆದರೆ ಏನು ತಪ್ಪು ಮಾಡಿದೆ?


ಮೊದಲಸಾಲು · ಬುಧವಾರ ಬೆಳಿಗ್ಗೆ

ಬರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಹೇಳಿಲ್ಲ, ಅಷ್ಟೇ. ಎಲಿಮೆಂಟ್‌ಟ್ರೀಗೆ ಏನೂ ಹೇಳದಿದ್ದರೆ ಆಸ್ಕಿಯಲ್ಲಿ ಬರೆಯುತ್ತದೆ. ಆಸ್ಕಿಯಲ್ಲಿ ಇರುವುದು 128 ಅಕ್ಷರ, ಕನ್ನಡ ಅದರಲ್ಲಿಲ್ಲ. ಅದಕ್ಕೆ ಪ್ರತಿ ಕನ್ನಡ ಅಕ್ಷರವನ್ನೂ ಅದರ ಯುನಿಕೋಡ್ ಸಂಖ್ಯೆ ಮಾಡಿ ಬರೆಯುತ್ತದೆ. ಪ ಅಂದರೆ 3242, ದ ಅಂದರೆ 3238. ಪಠ್ಯದ ಒಳಗೆ ಇದು ಪೂರ್ತಿ ಸರಿ. ಯಾವ ಪಾರ್ಸರ್ ಓದಿದರೂ "ಪದ" ಅಂತಲೇ ಸಿಗುತ್ತದೆ. ಆದರೆ ಟ್ಯಾಗ್‌ನ ಹೆಸರಿನಲ್ಲಿ ಸಂಕೇತ ಬರುವ ಹಾಗೇ ಇಲ್ಲ. ನಿಮ್ಮ ಟ್ಯಾಗ್ ಕನ್ನಡದಲ್ಲಿ ಇರುವುದರಿಂದ ಫೈಲೇ ಒಡೆಯಿತು. ಟ್ಯಾಗ್ ಇಂಗ್ಲಿಷ್‌ನಲ್ಲಿ ಇಟ್ಟವರಿಗೆ ಇದು ಕಣ್ಣಿಗೆ ಕಾಣದೆ ಹೋಗುತ್ತದೆ.

ಕನ್ನಡ ಟ್ಯಾಗ್ ಬಿಡಬೇಡಿ. ಎಕ್ಸ್‌ಎಂಎಲ್ 1.0 ಬಂದದ್ದು 1998ರಲ್ಲಿ. ಆಗಿನಿಂದಲೂ ಹೆಸರುಗಳಲ್ಲಿ ಕನ್ನಡ ಅಕ್ಷರಕ್ಕೆ ಅವಕಾಶ ಇದೆ. ಬರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಅಂತ ಸೇರಿಸಿ. ಗಾತ್ರವೂ ಇಳಿಯುತ್ತದೆ. ಒಂದು ಕನ್ನಡ ಅಕ್ಷರಕ್ಕೆ ಯುಟಿಎಫ್-8ನಲ್ಲಿ 3 ಬೈಟ್, &#3242; ಅಂತ ಬರೆದರೆ 7 ಬೈಟ್.


ಬೆಳಕಿಂಡಿ · ಬುಧವಾರ ಮಧ್ಯಾಹ್ನ

ಎನ್‌ಕೋಡಿಂಗ್ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಕನ್ನಡದ ಬದಲು ತಲೆಯ ಮೇಲೆ ಓರೆ ಗೆರೆ ಇರುವ ರೋಮನ್ ಅಕ್ಷರ, ಅದರ ಪಕ್ಕ ² ಅಥವಾ ³ ಸಾಲು ಸಾಲಾಗಿ ಕಂಡರೆ ಅದು ಎಸ್ಕೇಪ್ ತೊಂದರೆ ಅಲ್ಲ. ಕನ್ನಡದ ಎಲ್ಲ ಅಕ್ಷರಗಳೂ ಯುಟಿಎಫ್-8ನಲ್ಲಿ ಒಂದೇ ಮೊದಲ ಬೈಟ್‌ನಿಂದ ಶುರುವಾಗುತ್ತವೆ, ಎರಡನೇ ಬೈಟ್ ಎರಡರಲ್ಲಿ ಒಂದು. ಅದನ್ನು ವಿಂಡೋಸ್‌ನ ಹಳೆ 1252 ಎನ್‌ಕೋಡಿಂಗ್ ಅಂದುಕೊಂಡು ತೆರೆದರೆ ಹೀಗೆ ಕಾಣುತ್ತದೆ. ಆ ಸ್ಥಿತಿಯಲ್ಲಿ ಸೇವ್ ಮಾಡಬೇಡಿ. ಮುಚ್ಚಿ, ಸರಿಯಾದ ಎನ್‌ಕೋಡಿಂಗ್ ಆರಿಸಿ ಮತ್ತೆ ತೆರೆಯಿರಿ.


ಪದಸಂಚಿ · ಬುಧವಾರ ಸಂಜೆ

ಯುಟಿಎಫ್-8 ಅಂತ ಹೇಳಿದ ಕೂಡಲೇ ಕನ್ನಡ ವಾಪಸ್ ಬಂತು. ಆದರೆ ಎರಡು ನಮೂದುಗಳಲ್ಲಿ ಇನ್ನೂ ಎರರ್ ಇದೆ. "ಅಮಾನ್ಯ ಅಕ್ಷರ" ಅನ್ನುತ್ತದೆ. ಆ ಜಾಗದಲ್ಲಿ ನನ್ನ ಕಣ್ಣಿಗೆ ಏನೂ ಕಾಣುತ್ತಿಲ್ಲ. ಇವೆರಡನ್ನೂ ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಿದ್ದೆ.

ಇನ್ನೊಂದು ಕಡೆ, ಜಾಲಪುಟದಿಂದ ತಂದ ಪಠ್ಯದಲ್ಲಿ ಎನ್‌ಬಿಎಸ್‌ಪಿ (ಸಾಲು ಮುರಿಯದ ಖಾಲಿ ಜಾಗ) ಅನ್ನುವ ಸಂಕೇತ ಇದೆ. ಅದು ಗೊತ್ತೇ ಇಲ್ಲ ಅನ್ನುತ್ತದೆ ಪಾರ್ಸರ್.


ಹಳೆಗಣಕ · ಬುಧವಾರ ರಾತ್ರಿ

ಎರಡನೆಯದು ಸುಲಭ. ಎಚ್‌ಟಿಎಂಎಲ್‌ನಲ್ಲಿ ಹೆಸರಿರುವ ಸಂಕೇತಗಳು ಎರಡು ಸಾವಿರಕ್ಕೂ ಜಾಸ್ತಿ ಇವೆ. ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವುದು ಐದೇ ಹೆಸರು: <, >, &, ' ಮತ್ತು " ಇವಕ್ಕೆ. ಬೇರೆ ಯಾವ ಹೆಸರು ಕಂಡರೂ ಅಂಕಿ ರೂಪಕ್ಕೆ ತನ್ನಿ. ಎನ್‌ಬಿಎಸ್‌ಪಿ ಬದಲು &#160;. ಹೆಸರುಗಳನ್ನು ಫೈಲ್‌ನ ತಲೆಯಲ್ಲಿ ನಾವೇ ಹೇಳಿಕೊಡಬಹುದು ಅಂತ ಕೆಲವರು ಹೇಳುತ್ತಾರೆ. ಬೇಡ. ಒಂದರೊಳಗೊಂದು ಹೆಸರು ಸುತ್ತಿ, ಚಿಕ್ಕ ಫೈಲ್‌ನಿಂದ ಕಂಪ್ಯೂಟರ್‌ನ ಮೆಮೊರಿಯನ್ನೇ ತುಂಬಿಸುವ ದಾಳಿ ಅಲ್ಲಿಂದಲೇ ಬರುತ್ತದೆ. ಅದಕ್ಕೇ ಎಷ್ಟೋ ಕಡೆ ಅದನ್ನು ಮುಚ್ಚಿಟ್ಟಿರುತ್ತಾರೆ.

ಮೊದಲನೆಯದಕ್ಕೆ ಎಸ್ಕೇಪೇ ಇಲ್ಲ. ಇದನ್ನು ಬಹಳ ಜನ ನಂಬುವುದಿಲ್ಲ. 32ಕ್ಕಿಂತ ಕೆಳಗಿನ ಸಂಖ್ಯೆಯ ಅಕ್ಷರಗಳಲ್ಲಿ ಎಕ್ಸ್‌ಎಂಎಲ್ 1.0 ಒಪ್ಪುವುದು ಮೂರೇ: 9, 10, 13. ಅಂದರೆ ಟ್ಯಾಬ್ ಮತ್ತು ಸಾಲು ಮುರಿಯುವ ಎರಡು. ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಪುಟ ಮುಗಿಯಿತು ಅನ್ನುವ 12ನೇ ಅಕ್ಷರ ಅಂಟಿಕೊಂಡು ಬರುವುದುಂಟು. ಅದನ್ನು &#12; ಅಂತ ಬರೆದರೂ ಫೈಲ್ ಅಮಾನ್ಯವೇ. ತೆಗೆಯಲೇಬೇಕು. ಆ ಜಾಗದಲ್ಲಿ ಖಾಲಿ ಜಾಗ ಇಡಿ, ಇಲ್ಲದಿದ್ದರೆ ಎರಡು ಪದ ಅಂಟಿಕೊಳ್ಳುತ್ತವೆ.


ಪದಸಂಚಿ · ಗುರುವಾರ ಬೆಳಿಗ್ಗೆ

12ನೇ ಅಕ್ಷರವೇ ಸಿಕ್ಕಿತು. ಎರಡು ನಮೂದಿನಲ್ಲೂ. ಕಣ್ಣಿಗೆ ಕಾಣದ ಅಕ್ಷರಗಳನ್ನು ಒಂದೇ ಸಲ ತೆಗೆಯುವ ಒಂದು ರೆಡಿ ಸ್ಕ್ರಿಪ್ಟ್ ಸಿಕ್ಕಿದೆ. ಇಡೀ ಫೈಲ್ ಮೇಲೆ ಓಡಿಸಿಬಿಡಲಾ?


ಓದುಗೆ · ಗುರುವಾರ ಬೆಳಿಗ್ಗೆ

ದಯವಿಟ್ಟು ಬೇಡ! ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ಕಣ್ಣಿಗೆ ಕಾಣದ್ದೆಲ್ಲ ಕಸ ಅಲ್ಲ.

"ಸಾಫ್ಟ್‌ವೇರ್" ಅಂತ ಬರೆದಾಗ ಟ ಮತ್ತು ವ ನಡುವೆ ಒಂದು ಕಾಣದ ಅಕ್ಷರ ಇದೆ, ಸಂಖ್ಯೆ 8204. ಅದನ್ನು ತೆಗೆದರೆ "ಸಾಫ್ಟ್ವೇರ್" ಆಗುತ್ತದೆ, ವ ಒತ್ತಾಗಿ ಕೆಳಗೆ ಇಳಿಯುತ್ತದೆ. "ರ‍್ಯಾಂಕ್" ಪದದಲ್ಲಿ ಇನ್ನೊಂದು ಇದೆ, 8205. ಅದು ಹೋದರೆ ರ ಅರ್ಕಾವತ್ತಾಗಿ "ರ್ಯಾಂಕ್" ಅಂತ ಕಾಣುತ್ತದೆ. ಒಂದು ಅನುವಾದದ ಕೆಲಸದಲ್ಲಿ ಇಂಥದ್ದೇ ಶುದ್ಧ ಮಾಡುವ ಸ್ಕ್ರಿಪ್ಟ್ ನಾನು ಕಳಿಸಿದ ಫೈಲ್‌ನ ಮೇಲೆ ಓಡಿತ್ತು. ನೂರಾರು ಪದಗಳನ್ನು ಮತ್ತೆ ಕೈಯಲ್ಲಿ ತಿದ್ದಿದೆ. ನಿಮ್ಮ ಪದಕೋಶದಲ್ಲಿ ಇಂಗ್ಲಿಷ್‌ನಿಂದ ಬಂದ ಪದ ಎಷ್ಟಿರಬಹುದು, ಯೋಚಿಸಿ.

32ಕ್ಕಿಂತ ಕೆಳಗಿನದ್ದನ್ನು, ಆ ಮೂರನ್ನು ಬಿಟ್ಟು, ತೆಗೆಯಿರಿ. 8204 ಮತ್ತು 8205 ಮುಟ್ಟಬೇಡಿ.


ಪದಸಂಚಿ · ಗುರುವಾರ ಮಧ್ಯಾಹ್ನ

ಓದುಗೆ ಅವರೇ, ನೀವು ಹೇಳದಿದ್ದರೆ ಓಡಿಸಿಬಿಡುತ್ತಿದ್ದೆ. ಎಣಿಸಿ ನೋಡಿದೆ. 8204 ಇರುವ ನಮೂದು 600ಕ್ಕೂ ಜಾಸ್ತಿ ಇವೆ. ನಿಮಗೆ ತುಂಬಾ ಋಣಿ.


ಹಳೆಗಣಕ · ಗುರುವಾರ ಮಧ್ಯಾಹ್ನ

ಓದುಗೆ ಅವರ ಮಾತು ಬಂಗಾರ. ನಾನು ಅದನ್ನು ಮೊದಲೇ ಹೇಳಬೇಕಿತ್ತು.

ಕೊನೆಗೆ ಒಂದು ಪರೀಕ್ಷೆ ಮಾಡಿ. ಸರಿ ಮಾಡಿದ ಫೈಲ್ ಓದಿ, ಇನ್ನೊಂದು ಹೆಸರಿನಲ್ಲಿ ಬರೆಸಿ, ಅದನ್ನೂ ಓದಿ. ಎರಡು ಸಲ ಓದಿದಾಗ ಸಿಕ್ಕ ಪಠ್ಯಗಳನ್ನು ನಮೂದಿಗೆ ನಮೂದು ಹೋಲಿಸಿ. ಫೈಲ್‌ಗಳನ್ನೇ ಹೋಲಿಸಬೇಡಿ. ಒಂದರಲ್ಲಿ &#38; ಅಂಕಿಯಲ್ಲಿರಬಹುದು, ಇನ್ನೊಂದರಲ್ಲಿ ಹೆಸರಿನಲ್ಲಿರಬಹುದು. ಒಂದರಲ್ಲಿ " ಇರಬಹುದು, ಇನ್ನೊಂದರಲ್ಲಿ '. ಅದೆಲ್ಲ ವ್ಯತ್ಯಾಸ ಅಲ್ಲ. ಒಳಗಿನ ಪಠ್ಯ ಒಂದೇ ಇದ್ದರೆ ಸಾಕು.

ಆಟ್ರಿಬ್ಯೂಟ್‌ಗಳನ್ನೂ ಸೇರಿಸಿಕೊಳ್ಳಿ. ಆಟ್ರಿಬ್ಯೂಟ್ ಒಳಗೆ ಕೈಯಲ್ಲಿ ಸಾಲು ಮುರಿದಿದ್ದರೆ ಪಾರ್ಸರ್ ಅದನ್ನು ಖಾಲಿ ಜಾಗ ಮಾಡಿಬಿಡುತ್ತದೆ. ಸಾಲು ಮುರಿದದ್ದೇ ಉಳಿಯಬೇಕಿದ್ದರೆ ಅಲ್ಲಿ &#10; ಬೇಕು.


ಪದಸಂಚಿ · ಶುಕ್ರವಾರ ಸಂಜೆ

ಮುಗಿಯಿತು. ಎರಡು ಸಲ ಓದಿ ಹೋಲಿಸಿದೆ. ಎಲ್ಲ ನಮೂದೂ ಹೊಂದುತ್ತಿವೆ.

ಕೈಯಲ್ಲಿ &#38; ಟೈಪ್ ಮಾಡಿದ್ದವು 27 ಸಿಕ್ಕಿದವು. ಒಂದೊಂದಾಗಿ ನೋಡಿದೆ. 26 ಬರೀ & ಆಗಬೇಕಿತ್ತು. ಒಂದು ಮಾತ್ರ ಹಾಗೇ ಇರಬೇಕಿತ್ತು, ಅದು "ಅಂಕಿ ಸಂಕೇತ" ಅನ್ನುವ ಪದದ ವಿವರಣೆ. ಅದನ್ನು ಹಾಗೇ ಬಿಟ್ಟೆ.

ಇನ್ನು ಮೇಲೆ ಫೈಲ್‌ನಲ್ಲಿ ನೇರವಾಗಿ ಟೈಪ್ ಮಾಡುವುದಿಲ್ಲ. ಒಂದು ಚಿಕ್ಕ ಸ್ಕ್ರಿಪ್ಟ್ ಮಾಡಿಕೊಂಡಿದ್ದೇನೆ. ಪದ ಮತ್ತು ವಿವರಣೆ ಕೇಳುತ್ತದೆ, ನಾನು & < ಎಲ್ಲ ಇದ್ದ ಹಾಗೇ ಬರೆಯುತ್ತೇನೆ, ಲೈಬ್ರರಿ ಅದನ್ನು ಎಸ್ಕೇಪ್ ಮಾಡಿ ಫೈಲ್‌ಗೆ ಸೇರಿಸುತ್ತದೆ. ಓಡಿಸುವ ಮುಂಚೆ ಪ್ರತಿ ಸಲ ಹಳೆ ಫೈಲ್‌ನ ಒಂದು ಪ್ರತಿ ತೆಗೆದಿಡುತ್ತದೆ.

ಮೊದಲು ಸೇರಿಸಿದ ಪದ "ಎಸ್ಕೇಪ್". ವಿವರಣೆಗೆ ಇನ್ನೂ ಒಳ್ಳೆ ಕನ್ನಡ ಪದ ಸಿಕ್ಕಿಲ್ಲ. ಯಾರಿಗಾದರೂ ಹೊಳೆದರೆ ಹೇಳಿ.


ಕೊನೆಆವರಣ · ಶುಕ್ರವಾರ ರಾತ್ರಿ

"ಮರೆಮಾಡು" ಸರಿ ಹೋಗಲ್ಲ, ಅದು ಬಚ್ಚಿಡುವ ಹಾಗೆ ಕೇಳಿಸುತ್ತದೆ. "ಕಾಪಿಡು" ಹೇಗೆ? ಆ ಅಕ್ಷರವನ್ನು ಪಾರ್ಸರ್‌ನಿಂದ ಕಾಪಾಡಿ ಇಡುವುದು ತಾನೇ ಕೆಲಸ.


ಓದುಗೆ · ಶುಕ್ರವಾರ ರಾತ್ರಿ

"ಕಾಪಿಡು" ನನಗೆ ಇಷ್ಟ ಆಯ್ತು. ಬಿಡಿಸುವುದಕ್ಕೆ "ಬಿಚ್ಚು" ಅಂತ ಜೊತೆಗೆ ಇಡಬಹುದು.